ದನಿ ಕೇಳಿ ಕರೆಂಟು ಕೊಡುತ್ತಿದ್ದವರು

ನನ್ನ ನೆನಪಿನಲ್ಲಿ ನಮ್ಮ ಸಾಹೇಬರ ಜೀಪು ಹಸಿರು ಬಣ್ಣದ್ದು. ಆ ಕಾಲದ ನನ್ನ ಡೈರಿಯಲ್ಲಿ ಮಾತ್ರ ಒಂದು ಕಡೆ 'ಬಿಳಿ ಜೀಪು ಬಂತು' ಎಂದಿದೆ. ಡೈರಿಯನ್ನೇ ನಂಬೋಣವೆಂದರೆ ಅದೇ ಪುಟದಲ್ಲಿ ಅವರ ಊರು ತರೀಕೆರೆ ಎಂದು ಬರೆದುಕೊಂಡಿದ್ದೇನೆ. ಅವರು ಅಜ್ಜಂಪುರದವರು, ತರೀಕೆರೆಯಲ್ಲಿ ಮನೆ ಮಾಡಿದ್ದು ಎಷ್ಟೋ ಆಮೇಲೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಎರಡು ಆಧಾರಗಳು ಬೇರೆ ಬೇರೆ ಹೇಳಿದರೆ ಮೂರನೆಯದನ್ನು ಹುಡುಕಿ ಎಂದು ಕಲಿಸಿದ್ದರು. ಇಲ್ಲಿ ಮೂರನೆಯ ಆಧಾರ ಅವರೇ ಆಗಿದ್ದರು. ಅವರು ಈಚೆಗೆ ತೀರಿಕೊಂಡರು.

ಹಾಗಾಗಿ ಇಲ್ಲಿ ಒಂದಷ್ಟು ತಪ್ಪುಗಳಿರಬಹುದು. ಅವರ ಮಾತುಗಳನ್ನು ಆಡಿದ ಹಾಗೆಯೇ ಬರೆಯಲು ನೋಡಿದ್ದೇನೆ. ಆದರೆ ಹತ್ತು ಹನ್ನೆರಡು ವರ್ಷ ತಲೆಯೊಳಗೆ ಉಳಿದ ಮಾತು ತಾನಾಗಿಯೇ ಒಂದಿಷ್ಟು ನಯವಾಗುತ್ತದೆ. ಓದುವವರು ಆ ನಯವನ್ನು ನನ್ನ ಲೆಕ್ಕಕ್ಕೆ ಹಾಕಿ, ಮಿಕ್ಕಿದ್ದನ್ನು ಅವರ ಲೆಕ್ಕಕ್ಕೆ ಹಾಕಬೇಕು.

ಅವರು ಕಡೂರು ತಾಲ್ಲೂಕಿನ ಒಂದು ಕರೆಂಟು ಆಫೀಸಿನಲ್ಲಿ ಶಾಖಾಧಿಕಾರಿ. ಊರಿನ ಹೆಸರು ಬೇಡ. ಕಡೂರಿನಲ್ಲಿ ಸಖರಾಯಪಟ್ಟಣದ ಬಸ್ಸು ಹತ್ತಿದರೆ ನಡುವೆ ಇಳಿಯಬಹುದಾದ ಊರು. ನಾನು ಅಲ್ಲಿ ಕಿರಿಯ ಸಹಾಯಕಿಯಾಗಿದ್ದೆ; ಕೌಂಟರಿನ ಕೆಲಸ, ಟೈಪಿಂಗು, ಫೋನು ಎಲ್ಲವೂ ನನ್ನದೇ. ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಅದೇ ಶಾಖೆಯಲ್ಲಿ ಲೈನ್‌ಮ್ಯಾನ್. ನಾನು ಸೇರುವ ಮೊದಲಿನಿಂದಲೂ ಅವರು ಅಲ್ಲಿದ್ದರು.

ತರೀಕೆರೆಯಲ್ಲಿ ನಡೆದ ಸಾಹೇಬರ ತಿಥಿಗೆ ಭಾವನೂ ನಾನೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನಮ್ಮ ಎದುರಿಗೆ ಕೂತಿದ್ದ ಒಬ್ಬ ನಿವೃತ್ತ ಅಧಿಕಾರಿ ಪಕ್ಕದವರಿಗೆ ಹೇಳುತ್ತಿದ್ದರು: "ಒಳ್ಳೇ ಮನುಷ್ಯ ಕಣ್ರೀ, ಆದ್ರೆ ವಿಪರೀತ ಹಠ. ಅವತ್ತು ಒಂದು ಫೋನ್ ನಂಬಿದ್ದಿದ್ರೆ ಇನ್ನೊಂದು ಮೆಟ್ಲು ಹತ್ತಿ ರಿಟೈರ್ ಆಗ್ತಿದ್ದ. ಸುಮ್‌ಸುಮ್ನೆ ಒಂದು ಸಮಾರಂಭ ಕೆಡಿಸ್ದ, ಹೋಗಿ ಉಗ್ರಾಣದಲ್ಲಿ ಕೂತ್ಕೊಂಡ."

ನನ್ನ ಪಕ್ಕದಲ್ಲಿ ಭಾವ. ಅವರ ಪಕ್ಕದಲ್ಲಿ ಹಳೆಯ ಲೈನ್‌ಮ್ಯಾನ್ ಓಂಕಾರಪ್ಪ. ಇಬ್ಬರೂ ಎಲೆಯಿಂದ ತಲೆ ಎತ್ತಲಿಲ್ಲ. ಓಂಕಾರಪ್ಪ ಅನ್ನಕ್ಕೆ ಸಾರು ಬರುವ ಮೊದಲೇ ಕೈ ತೊಳೆಯಲು ಎದ್ದುಹೋದ.

'ಸುಮ್‌ಸುಮ್ನೆ' ಎಂಬ ಆ ಒಂದು ಮಾತು ನನ್ನನ್ನು ಇದನ್ನು ಬರೆಯಲು ಕೂರಿಸಿತು. ಅವತ್ತು ಅವರು ಕರೆಂಟು ಕೊಡದೆ ಹೋದದ್ದರಿಂದ ಇಬ್ಬರ ಜೀವ ಉಳಿಯಿತೋ, ಬರೀ ಹಠದಿಂದ ಒಂದು ಸಮಾರಂಭ ಕೆಟ್ಟಿತೋ, ಇದು ತಿಳಿದವರು ನಾಲ್ಕೇ ಜನ. ಅವರಲ್ಲಿ ಒಬ್ಬರು ಈಗ ಇಲ್ಲ. ಉಳಿದವರು ಬಾಯಿ ಬಿಡದಿದ್ದರೆ ಆ ಅಧಿಕಾರಿಯ ಮಾತೇ ನಿಂತುಹೋಗುತ್ತದೆ.

ನಮ್ಮ ಸಾಹೇಬರು ಕುಳ್ಳಗಿದ್ದರು. ತುಂಬು ತೋಳಿನ ಅಂಗಿಯನ್ನು ಮೊಣಕೈವರೆಗೆ ಮಡಿಸಿರುತ್ತಿದ್ದರು. ಎದುರಿನವರ ಮಾತು ಕೇಳುವಾಗ ಕಣ್ಣು ಮುಚ್ಚುವುದು ಅವರ ಅಭ್ಯಾಸ, ಇದರಿಂದ ಹೊಸಬರಿಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಎಮ್ಮೆದೊಡ್ಡಿ ಕಡೆಯಿಂದ ಬಂದಿದ್ದ ರೈತರೊಬ್ಬರು ನನ್ನ ಕೌಂಟರಿಗೆ ಬಂದು, "ಏನಮ್ಮಾ, ನಾನ್ ಇಷ್ಟೊತ್ತು ಬಾಯಿ ಬಡ್ಕೊಂತಿದ್ರೆ ನಿಮ್ ಸಾಹೇಬ್ರು ನಿದ್ದೆ ಹೊಡೀತವ್ರಲ್ಲ!" ಎಂದರು. ಒಳಗಿನಿಂದ ಅವರು ಕಣ್ಣು ತೆರೆಯದೆಯೇ ಹೇಳಿದರು: "ನಿಮ್ಮ ಟ್ರಾನ್ಸ್‌ಫಾರ್ಮರ್ ಕೆಟ್ಟಿಲ್ಲ. ಪಕ್ಕದೋರು ಮೋಟ್ರು ಹಾಕ್ದಾಗ ಮಾತ್ರ ನಿಮ್ದು ನಿಲ್ಲುತ್ತೆ. ಅವರಿಗೂ ನಿಮಗೂ ಮಾತಿಲ್ಲ, ಅದಕ್ಕೆ ಅವರ ಹೆಸರು ಹೇಳ್ತಿಲ್ಲ. ಅಲ್ವಾ?" ರೈತರು, "ಅದೂ ಒಂದೈತೆ ಸಾರ್" ಎಂದು ಒಳಗೆ ಹೋಗಿ ಕೂತರು.

ಬೆಳಿಗ್ಗೆ ಕೆಲಸ ಹಂಚುವುದು ಆಫೀಸಿನ ಮುಂದಿನ ಹೊಂಗೆ ಮರದ ಕೆಳಗೆ. ಹಂಚುವ ಮೊದಲು ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ರಾತ್ರಿ ನಿದ್ದೆ ಬಂತಾ?"

"ಎಲ್ಲಿ ಸಾರ್, ಮಗು ಬೆಳಗಾನ ಅತ್ತು ಸಾಯಿಸ್ಬಿಡ್ತು."

"ಹಂಗಾದ್ರೆ ಇವತ್ತು ಮೀಟ್ರು ನೋಡ್ಕೊಂಡ್ ಬಾ. ಕಂಬದ ತಂಟೆಗೆ ಹೋಗ್ಬೇಡ."

ಇದನ್ನು ನೋಡಿದ ಹರೀಶ ಎಂಬ ಹೊಸ ಲೈನ್‌ಮ್ಯಾನ್ ಮಾರನೆಯ ದಿನ, "ನಂಗೂ ನಿದ್ದೆ ಬರ್ಲಿಲ್ಲ ಸಾರ್" ಎಂದ.

ಓಂಕಾರಪ್ಪ ಬಿಡಲಿಲ್ಲ. "ಲೇ, ನಿಂಗಿನ್ನೂ ಮದ್ವೇನೇ ಆಗಿಲ್ಲ, ಯಾವ್ ಮಗು ಅತ್ತಿದ್ದೋ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಇರ್ಲಿ, ಇವತ್ತು ನೀನೂ ಕೆಳಗಿರು" ಎಂದರು.

ಅವನು ಸುಳ್ಳು ಹೇಳುತ್ತಿದ್ದಾನೆಂದು ಆಮೇಲೆ ನಾನೇ ಅವರಿಗೆ ಹೇಳಿದೆ. "ಗೊತ್ತಮ್ಮ" ಎಂದರು. "ಸುಳ್ಳು ಹೇಳಿ ಕೆಳಗುಳಿದೋನು ನಾಳೆ ಕೆಲ್ಸ ಮಾಡ್ತಾನೆ. ನಿದ್ದೆಗೆಟ್ಟು, ಬಂತು ಸಾರ್ ಅಂತ ಹೇಳಿ ಹತ್ತಿದೋನು?" ವಾಕ್ಯ ಮುಗಿಸಲಿಲ್ಲ. ಮುಂದಿನ ಕೆಲಸಕ್ಕೆ ಹೋದರು.

ಇಂಥವನ್ನೇ ಬರೆದುಕೊಂಡು ಹೋದರೆ ಅವರು ಸಂತರಾಗಿಬಿಡುತ್ತಾರೆ. ಆಗಿರಲಿಲ್ಲ. ಯಾರನ್ನೂ ಹೊಗಳುತ್ತಿರಲಿಲ್ಲ. ಕಾಗದ ಪತ್ರದ ಕೆಲಸದಲ್ಲಿ ನಿಧಾನ. ನಾನು ಟೈಪು ಮಾಡಿಟ್ಟದ್ದು ವಾರಗಟ್ಟಲೆ ಸಹಿಯಿಲ್ಲದೆ ಬಿದ್ದಿರುತ್ತಿತ್ತು. ಸಿಟ್ಟು ಬಂದರೆ ಕೊಂಕು ಮಾತಾಡುತ್ತಿದ್ದರು. ಓಂಕಾರಪ್ಪ ತನಗೆ ಕೊಟ್ಟ ರಬ್ಬರ್ ಗ್ಲೌಸನ್ನು ತನ್ನ ಮೊಪೆಡ್ಡಿನ ಹ್ಯಾಂಡಲಿಗೆ ಹಾಕಿಕೊಂಡಿದ್ದ, ಚಳಿಗಾಲದಲ್ಲಿ ಕೈ ಬೆಚ್ಚಗಿರಲಿ ಎಂದು. ಒಂದು ಬೆಳಿಗ್ಗೆ ಅವರು ಅದನ್ನು ಕಳಚಿ, ಹೊಂಗೆ ಮರದ ಕೆಳಗೆ ಹುಡುಗರ ಮುಂದೆ ಅವನ ಕೈಗೇ ತೊಡಿಸಿ, "ಎಲ್ರೂ ನೋಡ್ಕೊಳ್ರಪ್ಪ. ಇದಕ್ಕೆ ಗ್ಲೌಸು ಅಂತಾರೆ. ಮನುಷ್ಯರ ಕೈಗೆ ಹಾಕ್ತಾರೆ, ಮೊಪೆಡ್ಡಿಗಲ್ಲ" ಎಂದರು. ಮೂವತ್ತು ವರ್ಷ ಕಂಬ ಹತ್ತಿದವನು ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದ. ಆಗ ನನಗೆ ನಗು ಬಂದಿತ್ತು. ಈಗ ಅದು ಸರಿಯಾದ ಮಾತೆಂದು ಅನ್ನಿಸುವುದಿಲ್ಲ. ಅದಕ್ಕಾಗಿ ಅವರು ಓಂಕಾರಪ್ಪನ ಬಳಿ ಏನಾದರೂ ಹೇಳಿದರೆಂದು ನಾನು ಕೇಳಿಲ್ಲ.

ಹೊರಗಿನವರ ಮುಂದೆ ಮಾತ್ರ ತಮ್ಮ ತಪ್ಪನ್ನು ಬೇಗ ಒಪ್ಪಿಕೊಳ್ಳುತ್ತಿದ್ದರು. ಒಂದು ಸಲ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕೊಡುವ ಹೊತ್ತು ಬದಲಾಗಿತ್ತು, ಊರುಗಳಿಗೆ ತಿಳಿಸಿರಲಿಲ್ಲ. ಬೆಳಿಗ್ಗೆ ಬರುತ್ತದೆಂದು ತೆಂಗಿನ ಸಸಿಗಳಿಗೆ ಪೈಪು ಹಾಕಿ ಕಾದು ಕೂತವರೆಲ್ಲ ಮಧ್ಯಾಹ್ನ ಆಫೀಸಿಗೆ ಬಂದರು. ಸಾಹೇಬರೇ ಹೊರಗೆ ಹೋಗಿ ನಿಂತರು. "ಹೇಳೋದು ಮರ್ತಿದ್ದು ನಾನು. ಹುಡುಗರ ತಪ್ಪಿಲ್ಲ."

ಗುಂಪಿನಲ್ಲಿದ್ದ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. "ಅಲ್ಲ ಸಾರ್, ಬೈಬೇಕು ಅಂತ್ಲೇ ರೆಡಿಯಾಗ್ ಬಂದಿದೀವಿ. ನೀವು ಹಿಂಗ್ ಒಪ್ಕೊಂಡ್‌ಬಿಟ್ರೆ ಈಗ ಯಾರ್ನ ಬೈಯೋದು?"

"ನನ್ನೇ ಬೈಯಿರಿ."

"ನಿಮ್ಮ ಮಖ ನೋಡ್ಕೊಂಡು ಬಾಯಿ ಬರಕಿಲ್ಲ, ಹೋಗ್ಲಿ ಬಿಡಿ."

ಅವರು ನಡೆಸುತ್ತಿದ್ದ ಇನ್ನೊಂದು ಪದ್ಧತಿಯನ್ನು ಈಗ ಹೇಳಬೇಕು. ಲೈನಿನ ಮೇಲೆ ಕೆಲಸ ಮಾಡುವ ಮೊದಲು ಸಬ್‌ಸ್ಟೇಷನ್ನಿನಿಂದ ಆ ಲೈನಿನ ಕರೆಂಟು ತೆಗೆಸಬೇಕು. ಇದಕ್ಕೆ ಲೈನ್ ಕ್ಲಿಯರ್ ತೆಗೆದುಕೊಳ್ಳುವುದು ಎನ್ನುತ್ತಾರೆ. ಕೆಲಸ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ, ತೆಗೆದುಕೊಂಡವನೇ ಫೋನು ಮಾಡಿ ಅದನ್ನು ಹಿಂದಿರುಗಿಸಬೇಕು. ಆಗ ಸ್ಟೇಷನ್ನಿನವರು ಮತ್ತೆ ಕರೆಂಟು ಬಿಡುತ್ತಾರೆ. ಎಲ್ಲ ಕಡೆಯೂ ನಿಯಮ ಇಷ್ಟೇ. ನಮ್ಮ ಶಾಖೆಯಲ್ಲಿ ಅವರು ಇನ್ನೊಂದನ್ನು ಸೇರಿಸಿದ್ದರು. ಸ್ಟೇಷನ್ನಿಗೆ ಹೇಳುವ ಮೊದಲು ತಮಗೆ ಫೋನು ಮಾಡಬೇಕು. ಕಂಬದ ಕೆಲಸಕ್ಕೆ ಹೋದ ಪ್ರತಿಯೊಬ್ಬನೂ ಆ ಫೋನಿನಲ್ಲಿ ತನ್ನ ಹೆಸರು ಹೇಳಿ, ಕೆಳಗಿದ್ದೇನೆ ಎನ್ನಬೇಕು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಆಮೇಲೆ ತಾವೇ ಸ್ಟೇಷನ್ನಿಗೆ ಹೇಳುತ್ತಿದ್ದರು. ಲೈನ್‌ಮ್ಯಾನ್‌ಗಳು ಇದನ್ನು 'ದನಿ ಕೊಡೋದು' ಎಂದು ಕರೆಯುತ್ತಿದ್ದರು. ಮೇಷ್ಟ್ರು ಹಾಜರಿ ಕರೀತಾರೆ ಎಂದು ಗೇಲಿಯೂ ಮಾಡುತ್ತಿದ್ದರು.

ನಮ್ಮ ಭಾವನಿಗೆ ಯಾರ ದನಿಯನ್ನಾದರೂ ಹಾಗೆ ಹಾಗೆಯೇ ತೆಗೆಯುವ ವಿದ್ಯೆ ಇತ್ತು. ಮದುವೆ ಮನೆಗಳಲ್ಲಿ ಊಟವಾದ ಮೇಲೆ ಜನ ಅವರನ್ನು ಹಿಡಿದು ಕೂರಿಸುತ್ತಿದ್ದರು. ಬೀಗರ ಕೆಮ್ಮು, ಪುರೋಹಿತರ ಅವಸರ, ನಮ್ಮಕ್ಕ ಸಿಟ್ಟಿನಲ್ಲಿ ಪಾತ್ರೆ ಇಡುತ್ತಾ ಮಾತಾಡುವ ರೀತಿ, ಎಲ್ಲವೂ ಬರುತ್ತಿತ್ತು. ಹೊಂಗೆ ಮರದ ಕೆಳಗೆ ಒಮ್ಮೆ ಅವರು ಶಾಖಾಧಿಕಾರಿಯದೇ ದನಿ ತೆಗೆದು "ರಾತ್ರಿ ನಿದ್ದೆ ಬಂತಾ?" ಎಂದು ಹರೀಶನನ್ನು ಕೇಳುತ್ತಿದ್ದಾಗ ಸಾಹೇಬರು ಹಿಂದೆಯೇ ಬಂದು ನಿಂತಿದ್ದರು.

"ನಾನು ಅಷ್ಟು ಮೂಗಿನಲ್ಲಿ ಮಾತಾಡ್ತೀನೇನಯ್ಯಾ?"

"ಇಲ್ಲ ಸಾರ್, ಅವತ್ತು ನಿಮಗೆ ನೆಗಡಿ ಇತ್ತು" ಎಂದರು ಭಾವ. ಆ ದಿನ ಮಾತ್ರ ಸಾಹೇಬರು ನಕ್ಕಿದ್ದು ನನಗೆ ನೆನಪಿದೆ. ಬೇರೆ ದಿನಗಳಲ್ಲೂ ನಕ್ಕಿರಬಹುದು.

ಇನ್ನು ಆ ದಿನ.

ಹಿಂದಿನ ಸಂಜೆ ಗಾಳಿ ಎದ್ದಿತ್ತು. ಎಮ್ಮೆದೊಡ್ಡಿಯ ಕಾವಲಿನ ಅಂಚಿನಲ್ಲಿ ಹಾದುಹೋಗುವ ಲೈನಿನಲ್ಲಿ ಒಂದು ಪಿಂಗಾಣಿ ಇನ್ಸುಲೇಟರ್ ಒಡೆದಿತ್ತು. ಅಲ್ಲಿ ದನ ಮೇಯುವ ಹುಲ್ಲುಗಾವಲು ಬಿಟ್ಟರೆ ಏನೂ ಇಲ್ಲ. ಮೊಬೈಲ್ ಸಿಗ್ನಲ್ಲೂ ಆಗ ಇರಲಿಲ್ಲ. ಲೈನಿನಿಂದ ಸುಮಾರು ದೂರ ನಡೆದು ಒಂದು ಬೋರೆ ಹತ್ತಿದರೆ ಅದರ ನೆತ್ತಿಯಲ್ಲಿ ಸಿಗುತ್ತಿತ್ತು. ಬೆಳಿಗ್ಗೆ ಭಾವ, ಓಂಕಾರಪ್ಪ, ಹರೀಶ ಮೂವರೂ ಹೋದರು. ಲೈನ್ ಕ್ಲಿಯರ್ ತೆಗೆದುಕೊಂಡದ್ದು ಭಾವನ ಹೆಸರಿನಲ್ಲಿ.

ಅದೇ ಲೈನಿನ ಕೊನೆಯ ಊರಿನಲ್ಲಿ ಅವತ್ತು ಕುಡಿಯುವ ನೀರಿನ ಹೊಸ ಪಂಪು ಚಾಲೂ ಮಾಡುವ ಸಮಾರಂಭ. ದೊಡ್ಡ ರಾಜಕಾರಣಿಯೊಬ್ಬರು ಬಂದು ಗುಂಡಿ ಒತ್ತಬೇಕು, ನಲ್ಲಿಯಲ್ಲಿ ನೀರು ಬರಬೇಕು. ಮೈಕಿಗೆ ಜನರೇಟರ್ ತರಿಸಿದ್ದರು. ಪಂಪಿಗೆ ನಮ್ಮ ಕರೆಂಟೇ ಆಗಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಕೊಡುತ್ತೇವೆಂದು ಸಾಹೇಬರೇ ಹೇಳಿದ್ದರು.

ಹೊತ್ತಾಯಿತು. ಫೋನು ಬರಲಿಲ್ಲ. ವಿಭಾಗದ ಮೇಲಧಿಕಾರಿ ಸಮಾರಂಭದ ಜಾಗದಿಂದಲೇ ಎರಡು ಮೂರು ಸಲ ಮಾತಾಡಿದರು. ರಾಜಕಾರಣಿಯ ಕಾರು ಬಂದಾಯಿತು, ಹಾರ ಹಾಕಿಸಿಕೊಂಡದ್ದಾಯಿತು, ಭಾಷಣ ಶುರುವಾಯಿತು. ಆಗ ಭಾವನ ಫೋನು ಬಂತು. ಸಾಹೇಬರು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಸಾರ್, ಕೆಲ್ಸ ಆಯ್ತು. ಎಲ್ರೂ ಕೆಳಗಿದೀವಿ."

"ದನಿ ಕೊಡ್ರಪ್ಪ."

ಭಾವ ತಮ್ಮ ಹೆಸರು ಹೇಳಿದರು. ಆಮೇಲೆ ಬೀಡಿ ಸೇದಿ ಒಡೆದ ದನಿಯಲ್ಲಿ, "ಓಂಕಾರಪ್ಪ ಸಾರ್, ಕೆಳಗಿದೀನಿ." ಆಮೇಲೆ ತೆಳ್ಳನೆಯ ದನಿ, "ಹರೀಶ ಸಾರ್, ಕೆಳಗೇ ಇದೀನಿ."

ನನಗೆ ಮೂರು ಜನ ಕೇಳಿಸಿದರು. ನನಗೂ ಆಗಲೇ ಅನುಮಾನ ಬಂದಿತ್ತೆಂದು ಈಗ ಅನ್ನಿಸುತ್ತದೆ, ಆದರೆ ಇದು ಆಮೇಲೆ ಸೇರಿಕೊಂಡ ನೆನಪು. ಡೈರಿಯಲ್ಲಿ ಹಾಗೇನೂ ಇಲ್ಲ.

ಅವರು ಕಣ್ಣು ತೆರೆಯಲಿಲ್ಲ. "ಇನ್ನೊಂದ್ ಸಲ ಹೇಳ್ರಪ್ಪ" ಎಂದರು. ಮೂರೂ ದನಿಗಳು ಮತ್ತೆ ಬಂದವು. ಅವರು, "ಅಲ್ಲೇ ಇರಿ, ನಾನು ಬತ್ತೀನಿ" ಎಂದು ಫೋನು ಇಟ್ಟು ಸ್ಟೇಷನ್ನಿಗೆ ಮಾಡಿದರು. "ನಾನು ಹೇಳೋವರೆಗೂ ಕರೆಂಟ್ ಬಿಡಕೂಡದು. ಯಾರೇ ಹೇಳಿದ್ರೂ. ಆ ಲೈನ್‌ಮ್ಯಾನೇ ಹೇಳಿದ್ರೂ."

"ಯಾಕ್ ಸಾರ್?" ಎಂದೆ ನಾನು.

"ಮೂರು ಹೆಸರು ಬಂತಮ್ಮ. ಉಸಿರು ಒಂದೇ. ಬೋರೆ ಹತ್ತಿ ಏದುಸಿರು ಬಿಡ್ತಿರೋನು ಒಬ್ಬನೇ ಅಲ್ಲಿ."

ಅಷ್ಟರಲ್ಲಿ ಮೇಲಧಿಕಾರಿಯ ಫೋನು. ಸ್ಪೀಕರು ಆರಿಸಿರಲಿಲ್ಲವಾದ್ದರಿಂದ ಕೂಗಾಟವೆಲ್ಲ ನನಗೂ ಕೇಳಿಸಿತು. "ಕೆಲ್ಸ ಆಯ್ತು ಅಂತ ಹುಡುಗರು ಹೇಳಿದಾರೋ ಇಲ್ವೋ ನಿಮಗೆ?"

"ಹೇಳಿದಾರೆ ಸಾರ್."

"ಮತ್ತಿನ್ನೇನ್ರೀ ನಿಮ್ದು? ಗುಂಡಿ ಒತ್ತಿ ಕೂತವ್ರೆ ಇಲ್ಲಿ, ನಲ್ಲೀಲಿ ಗಾಳಿ ಬರ್ತಿದೆ! ಊರೆಲ್ಲ ನಗ್ತಾ ಇದೆ ಕಣ್ರೀ!"

"ನನಗೆ ಖಾತ್ರಿಯಾಗಿಲ್ಲ ಸಾರ್. ನಾನೇ ಹೋಗ್ತಾ ಇದೀನಿ."

"ನೀವು ಹೋಗೋ ಹೊತ್ತಿಗೆ ಇವರು ಹೊರಟೋಗ್ತಾರೆ."

"ಹೋಗ್ಲಿ ಸಾರ್."

ಆಫೀಸಿನಿಂದ ಕಾವಲಿಗೆ ಜೀಪಿನಲ್ಲೂ ಬೇಗ ಹೋಗಲಾಗುತ್ತಿರಲಿಲ್ಲ. ರಾಜಕಾರಣಿ ಕಾದು, ಎದ್ದು, ಹೋದರು. ಗುಂಡಿ ಒತ್ತಿದ ಫೋಟೊ ಮಾತ್ರ ಬಂತು, ನೀರು ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನಮ್ಮ ಆಫೀಸಿನ ಫ್ಯಾನು ತಿರುಗಿತು. ನಮ್ಮದೂ ಅದೇ ಲೈನು. ಅಂದರೆ ಕಾವಲಿನಲ್ಲಿ ಎಲ್ಲ ಸರಿಯಾಗಿದೆ ಎಂದು ನಾನು ತಿಳಿದೆ.

ಸಂಜೆಗೆ ಜೀಪು ಬಂತು. ಹಿಂದಿನ ಸೀಟಿನಿಂದ ಮೂವರೂ ಇಳಿದರು. "ಟೀ ತರಿಸಮ್ಮ, ಎಲ್ರಿಗೂ" ಎಂದರು ಸಾಹೇಬರು. ಯಾರೋ ಒಬ್ಬರು ಟೀ ಕುಡಿಯದೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅದು ಭಾವನೋ ಹರೀಶನೋ, ಎಷ್ಟು ಯೋಚಿಸಿದರೂ ಕಣ್ಣಿಗೆ ಕಟ್ಟುವುದಿಲ್ಲ. ಲೋಟ ಮಾತ್ರ ಕಾಣುತ್ತದೆ. ಓಂಕಾರಪ್ಪ ಟೀ ಕುಡಿದು ಸಾಹೇಬರ ಲೋಟವನ್ನೂ ತಾನೇ ತೊಳೆದಿಟ್ಟ. ಅದು ಅವನ ಕೆಲಸವಾಗಿರಲಿಲ್ಲ. ಗ್ಲೌಸಿನ ಪ್ರಸಂಗದ ಮೇಲೆ ಅವನು ಅವರ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದವನು.

ಮಾರನೆಯ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಬೈಗುಳ ಬೀಳುತ್ತದೆಂದು ಎಲ್ಲರೂ ಕಾದಿದ್ದರು. ಅವರು ಹೇಳಿದ್ದು ಹೀಗೆ: "ಸಿಗ್ನಲ್ ಇಲ್ಲದ ಜಾಗದಲ್ಲೂ ಎಲ್ರೂ ದನಿ ಕೊಡ್ಬೇಕು ಅಂತ ನಿಯಮ ಮಾಡ್ದೆ. ಬೋರೆ ಹತ್ತಿ ಇಳಿಯೋಕೆ ಎಷ್ಟು ಹೊತ್ತು ಬೇಕು ಅಂತ ಯೋಚನೆ ಮಾಡ್ಲಿಲ್ಲ. ಕರೆಂಟ್ ಇಷ್ಟೊತ್ತಿಗೆ ಕೊಡ್ತೀನಿ ಅಂತ ಬೇರೆ ಊರಿಗೆಲ್ಲ ಹೇಳ್ಕೊಂಡು ಬಂದೆ. ಎರಡೂ ಸೇರಿ ನಿಮ್ಮನ್ನ ಸುಳ್ಳಿಗೆ ದೂಡ್ತು. ಇನ್ಮೇಲೆ ಎಲ್ರೂ ಒಟ್ಟಿಗೆ ಬೋರೆ ಹತ್ತಿ ಬನ್ನಿ. ಆ ಹೊತ್ತನ್ನ ಸೇರಿಸ್ಕೊಂಡೇ ನಾನು ಊರಿಗೆ ಹೇಳ್ತೀನಿ." ಆಮೇಲೆ ಭಾವನ ಕಡೆ ತಿರುಗಿ, "ಸದ್ಯಕ್ಕೆ ಲೈನ್ ಕ್ಲಿಯರ್ ನಿನ್ನ ಹೆಸರಲ್ಲಿ ಬೇಡ" ಎಂದರು. ಅಷ್ಟೇ. ನಿದ್ದೆಯ ವಿಚಾರ ಕೇಳುತ್ತಾ ಮುಂದಿನವನ ಹತ್ತಿರ ಹೋದರು.

ಮೇಲಿನಿಂದ ನೋಟೀಸು ಬಂತು. ಉತ್ತರವನ್ನು ಅವರು ಹೇಳಿದರು, ನಾನು ಟೈಪು ಮಾಡಿದೆ. ಕೆಲಸಗಾರರು ಕೆಳಗಿದ್ದಾರೆಂದು ತನಗೆ ಖಾತ್ರಿಯಾಗಲಿಲ್ಲ, ಆದ್ದರಿಂದ ವಿದ್ಯುತ್ ಕೊಡಿಸಲಿಲ್ಲ, ತಡಕ್ಕೆ ತಾನೇ ಹೊಣೆ. ಮುಗಿಯಿತು.

"ಅಲ್ಲಿ ಹೋಗಿ ಏನ್ ನೋಡಿದ್ರಿ ಅಂತ ಬರೀಬೇಕಲ್ವಾ ಸಾರ್?"

"ನೋಡಿದ್ದು ಆಮೇಲೆ. ಕೊಡಲ್ಲ ಅಂದಿದ್ದು ಮೊದ್ಲು" ಎಂದರು. "ಅವರು ಮೂರೂ ಜನ ಮರದ ಕೆಳಗೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ರೂ ನಾನು ಮಾಡಿದ್ದು ಅದೇ ತಾನೇ? ನೋಟೀಸು ಕೇಳ್ತಿರೋದು ಯಾಕ್ ಕೊಡ್ಲಿಲ್ಲ ಅಂತ. ಅದಕ್ಕೆ ಉತ್ತರ ಇಷ್ಟೇ."

ಈ ಮಾತಿನ ಬಗ್ಗೆ ನಾನು ಎಷ್ಟೋ ಸಲ ನನ್ನೊಡನೆ ಜಗಳವಾಡಿದ್ದೇನೆ. ಕಂಡದ್ದನ್ನು ಬರೆಯದೆ ಬಿಡುವುದು ಪ್ರಾಮಾಣಿಕತೆಯೇ? ಬರೆದಿದ್ದರೆ ಭಾವನ ಕೆಲಸ ಹೋಗುತ್ತಿತ್ತು. ಅಕ್ಕನ ಮಕ್ಕಳು ಆಗ ಇನ್ನೂ ಚಿಕ್ಕವರು. ಸಾಹೇಬರು ಕರುಣೆಯಿಂದ ಮುಚ್ಚಿಟ್ಟರೋ, ಅಥವಾ ಹೇಳಿದ ಹಾಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರೋ? ನನ್ನ ಲಾಭಕ್ಕೇ ಒದಗಿದ ಮೌನ ಅದು. ಅದನ್ನು ಒಳ್ಳೆಯದು ಎಂದು ಕರೆಯುವಾಗ ನನ್ನ ಮೇಲೆ ನನಗೇ ನಂಬಿಕೆ ಸಾಲುವುದಿಲ್ಲ.

ಕೆಲವು ತಿಂಗಳಲ್ಲಿ ಅವರನ್ನು ತರೀಕೆರೆಯ ಉಗ್ರಾಣಕ್ಕೆ ಹಾಕಿದರು. ಕಂಬ, ತಂತಿ, ಇನ್ಸುಲೇಟರುಗಳನ್ನು ಕಾಯುವ ಕೆಲಸ. ಬಡ್ತಿಯ ಸರದಿ ಬಂದಾಗ ಹಳೆಯ ನೋಟೀಸು ಅಡ್ಡ ಬಂತಂತೆ. ಒಮ್ಮೆ ಆ ಕಡೆ ಹೋದಾಗ ನೋಡಿಕೊಂಡು ಬರೋಣವೆಂದು ಹೋದೆ. ಉಗ್ರಾಣದ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಲಾರಿಯಿಂದ ಕಂಬ ಇಳಿಸುವವರಿಗೆ, ಒಬ್ಬನ ಕಾಲು ಕುಂಟುತ್ತಿದೆ, ಅವನನ್ನು ಹಗ್ಗದ ಕಡೆ ಹಾಕಿ ಎಂದು ಕೂಗಿ ಹೇಳುತ್ತಿದ್ದರು. ನನಗೆ ಕುರ್ಚಿ ತರಿಸಿದರು.

"ನಿಮ್ಮ ಭಾವ ಹೆಂಗಿದಾರಮ್ಮ? ಮನೇಲಿ ನಗಿಸ್ತಾರಾ?"

"ಇಲ್ಲ ಸಾರ್. ಅವತ್ತಿಂದ ಯಾರ ದನೀನೂ ತೆಗೀತಿಲ್ಲ. ಕೇಳಿದ್ರೆ ಗಂಟ್ಲು ಸರಿಯಿಲ್ಲ ಅಂತಾರೆ."

ಅವರು ಕಣ್ಣು ಮುಚ್ಚಿಕೊಂಡರು. "ತೆಗೀಲಿ ಅಂತ ಹೇಳಮ್ಮ. ಆ ವಿದ್ಯೆ ಏನ್ ಮಾಡ್ತು ಪಾಪ."

ಕೇಳಿಬಿಡೋಣ ಎನ್ನಿಸಿತು. "ಸಾರ್, ಅವತ್ತು ನೀವು ಹೋದಾಗ ಅವರಿಬ್ರು ಕಂಬದ ಮೇಲಿದ್ರಾ?"

"ನಿಮ್ಮ ಭಾವನ್ನ ಕೇಳು. ಅದು ಅವರು ಹೇಳ್ಬೇಕಾದ ಮಾತು, ನಾನು ಹೇಳೋದಲ್ಲ" ಎಂದರು. ಹೇಳಿ, ಲಾರಿಯವರ ಕಡೆ ತಿರುಗಿದರು.

ನಾನು ಕೇಳಲಿಲ್ಲ. ಕೇಳದೆ ಇರಲು ಯಾವಾಗಲೂ ಒಂದು ಕಾರಣ ಇರುತ್ತಿತ್ತು. ಅಕ್ಕ ಎದುರಿಗಿರುತ್ತಿದ್ದಳು, ಇಲ್ಲವೇ ಮಕ್ಕಳ ಪರೀಕ್ಷೆ. ಹರೀಶ ಬೇರೆ ಜಿಲ್ಲೆಗೆ ವರ್ಗವಾಗಿ ಹೋದ. ನನ್ನಷ್ಟಕ್ಕೆ ನಾನೇ ಊಹೆ ಮಾಡಿಕೊಂಡಿದ್ದೇನೆ. ಕೆಲಸ ಮುಗಿಯುತ್ತಾ ಬಂತೆಂದು ಭಾವನನ್ನು ಮೊದಲೇ ಬೋರೆಗೆ ಕಳಿಸಿರಬಹುದು. ಅವರು ಅಲ್ಲಿ ಮೂರು ದನಿ ಕೊಡುವ ಹೊತ್ತಿಗೆ ಇಬ್ಬರೂ ಇಳಿದು, ಹಗ್ಗ ಸುತ್ತಿ 'ಬರ್ತಾನೆ ಬಿಡು' ಎಂದು ಕೂತಿರಬಹುದು. ಹಾಗಿದ್ದರೆ ಆ ಅಧಿಕಾರಿ ತಿಥಿಯಲ್ಲಿ ಹೇಳಿದ್ದರಲ್ಲಿ ಅರ್ಧ ನಿಜ. ಇಲ್ಲವೇ, ಇಳಿದವರು, ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗಲೆಂದು ಲೈನಿಗೆ ಹಾಕಿದ್ದ ಅರ್ಥ್ ಸರಪಳಿಯನ್ನೂ ಬಿಚ್ಚಿದ ಮೇಲೆ, ಯಾವುದೋ ಕಟ್ಟು ಸಡಿಲವಾಗಿ ಕಂಡು ಒಬ್ಬ ಮತ್ತೆ ಹತ್ತಿರಬಹುದು, ಇನ್ನೊಬ್ಬ ಕೆಳಗಿನಿಂದ ತಂತಿ ಹಿಡಿದಿರಬಹುದು. ಹಾಗಿದ್ದರೆ ಸ್ಟೇಷನ್ನಿನ ಒಂದು ಹಿಡಿಕೆ ತಿರುಗುವುದಷ್ಟೇ ಬಾಕಿ ಇತ್ತು.

ಸಾಹೇಬರ ತರ್ಕದ ಪ್ರಕಾರ ನನಗೆ ಈ ಉತ್ತರ ಬೇಡ. ಯಾವುದಿದ್ದರೂ ಅವರು ಮಾಡಿದ್ದು ಅದೇ. ಇದನ್ನು ಒಪ್ಪುತ್ತೇನೆ. ಆದರೆ ಅವರ ಮನೆಯ ಅಂಗಳದಲ್ಲಿ, ಅವರ ಮಗಳು ಪಾಯಸ ಬಡಿಸುತ್ತಿರುವಾಗ, ಅವಳ ಎದುರಿಗೇ ಒಬ್ಬರು 'ಸುಮ್‌ಸುಮ್ನೆ' ಎಂದರು. ಆ ಹುಡುಗಿ ಬಡಿಸುತ್ತಾ ಮುಂದೆ ಹೋದಳು. ಅವಳಿಗೆ ಹೇಳಲು ನನ್ನ ಬಳಿ ಊಹೆ ಮಾತ್ರ ಇದೆ. ಊಹೆಯನ್ನು ತೆಗೆದುಕೊಂಡುಹೋಗಿ ಒಬ್ಬ ಮಗಳ ಕೈಗೆ ಕೊಡಲಾಗುವುದಿಲ್ಲ.

ತರೀಕೆರೆಯಿಂದ ಕಡೂರಿಗೆ ಬಸ್ಸಿನಲ್ಲಿ ಭಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಗೆ ಬಂದು, ಅವರು ಹಿತ್ತಲಿನ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ನಾನೂ ಅಲ್ಲಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಬಾಗಿಲು ತೆರೆದಿತ್ತು.

"ಭಾವ, ಅವತ್ತು ನೀವು ಬೋರೆ ಮೇಲೆ ನಿಂತ್ಕೊಂಡು ಮೂರೂ ಜನರ ದನೀಲಿ ಮಾತಾಡ್ತಿದ್ರಲ್ಲ, ಆಗ ಓಂಕಾರಪ್ಪನೂ ಹರೀಶನೂ ಎಲ್ಲಿದ್ರು?"

ಅವರು ನಲ್ಲಿ ನಿಲ್ಲಿಸಿದರು. ಟವೆಲಿನಿಂದ ಮುಖ ಒರೆಸಿಕೊಳ್ಳಲು ಶುರು ಮಾಡಿದರು, ತೊಳೆದದ್ದು ಕಾಲನ್ನು.

"ಏನಂತೇ? ಏನ್ ಕೇಳ್ತಿದೀಯೇ ಅವರನ್ನ?" ಎಂದಳು ಅಕ್ಕ, ಒಳಗಿನಿಂದ.

ಭಾವ ಅಡುಗೆಮನೆಯ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಬಾಯಿ ತೆರೆದರು. ಇನ್ನೇನು ಹೇಳುತ್ತಾರೆಂದು ನಾನು ಒಂದು ಹೆಜ್ಜೆ ಹತ್ತಿರ ಹೋದೆ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು.

ಇದನ್ನು ಬರೆದು ಮುಗಿಸುವವರೆಗೂ ಹೇಳಿಲ್ಲ. ನಾನು ಮತ್ತೆ ಕೇಳಿಲ್ಲ, ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡೂ ಇಲ್ಲ.